ಅಕ್ಕನ ಗೋಡೆಗೆ ಸಿಲಿಕಾನ್

ಅಥವಾ ನಾನು ಸಿಲಿಕಾನ್ ತಂದ ಆ ಅಂಗಡಿ ಪುತ್ತೂರಿನದೇ ಅಲ್ಲವೇನೋ. ನೆನಪಿನಲ್ಲಿ ಮೆಟ್ಟಿಲು ಪುತ್ತೂರಿನದು, ಮೇಜಿನ ಹಿಂದೆ ಕೂತವನ ಮಾತು ಸುಳ್ಯದ್ದು, ಹೊರಗೆ ನಿಂತ ಬಸ್ಸಿಗೆ ಮಲಯಾಳದ ಬೋರ್ಡು. ಹಾಗಾದರೆ ಕೇರಳದ ಗಡಿಯ ಜಾಲ್ಸೂರು ಇರಬೇಕು. ಮೂರು ಊರನ್ನು ಸೇರಿಸಿ ಒಂದು ಅಂಗಡಿ ಮಾಡಿಕೊಟ್ಟಿರುವ ಇಂಥ ನೆನಪನ್ನು ನಂಬಿ ಯಾರ ಮೇಲೂ ದೂರು ಹೇಳಬಾರದು. ಹೇಳುತ್ತೇನೆ.

ಗೋಡೆಯಂತೂ ಇತ್ತು. ಕಡಬದಿಂದ ಕೊಯಿಲದ ಕಡೆಗೆ ಹೋಗುವಾಗ ಸಿಗುವ ಅಕ್ಕನ ಮನೆಯಲ್ಲಿ, ಹೊಸ ಬಾತ್‌ರೂಮಿಗೂ ಅವಳ ಹೊಲಿಗೆಯ ಕೋಣೆಗೂ ನಡುವೆ ಇದ್ದದ್ದು ಅದೊಂದೇ. ಶವರಿನ ನಲ್ಲಿ ಗೋಡೆಗೆ ಸೇರುವಲ್ಲಿ ಒಂದು ದುಂಡು ಸ್ಟೀಲ್ ಬಿಲ್ಲೆ ಇರುತ್ತದಲ್ಲ, ಅದರ ಹಿಂದಿನಿಂದ ನೀರು ಇಳಿದು ಈಚೆ ಬದಿಯ ಪೈಂಟು ಗುಳ್ಳೆ ಎದ್ದಿತ್ತು. ಅಕ್ಕ ಊರಿನ ಮದುವೆಗಳಿಗೆಲ್ಲ ರವಕೆ ಹೊಲಿಯುವವಳು. ಬೇರೆಯವರ ರೇಷ್ಮೆ ಸೀರೆಗಳು ಆ ಗೋಡೆಗೇ ತಾಗಿದ ಕಪಾಟಿನಲ್ಲಿ. ಒಂದಕ್ಕೆ ಬೂಸ್ಟು ಹಿಡಿದರೂ ಹೆಸರು ಹೋಯಿತು. ಅದರ ಮೇಲೆ ಭಾವನ ತೀರ್ಪು ಬೇರೆ: ಈ ಮಳೆಗಾಲದಲ್ಲಿ ಗೋಡೆ ಒಣಗದಿದ್ದರೆ ಹೊಲಿಗೆ ಮೆಷಿನು ಚಾವಡಿಗೆ, ಕೋಣೆ ತೋಟದ ರಬ್ಬರ್ ಶೀಟು ಇಡಲಿಕ್ಕೆ. ಒದ್ದೆ ಗೋಡೆಯ ಕೋಣೆ ರಬ್ಬರಿಗೆ ಆಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಅಕ್ಕನದು ಎನ್ನುವಂಥದ್ದು ಆ ಕೋಣೆ ಮಾತ್ರ.

ಭಾವ ಅದಾಗಲೇ ಒಂದು ರಿಪೇರಿ ಮುಗಿಸಿದ್ದರು. ಮಳೆಗಾಲದ ಮೊದಲು ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ಕಿನ ಲಂಗ ಉಡಿಸುತ್ತಾರೆ, ಹಾಲು ಚಿಪ್ಪಿಗೆ ಇಳಿಯುವ ಗೀರಿಗೆ ಮಳೆನೀರು ಸೇರದ ಹಾಗೆ. ಆ ಲಂಗವನ್ನು ಮರಕ್ಕೆ ಹಿಡಿಸುವುದು ಡಾಮರಿನಂಥ ಒಂದು ಕಪ್ಪು ಗಮ್ಮು. ಉಳಿದಿದ್ದ ಗಮ್ಮನ್ನು ಭಾವ ನಲ್ಲಿಯ ಸುತ್ತ, ಮರಕ್ಕೆ ಮೆತ್ತುವಷ್ಟೇ ಧಾರಾಳವಾಗಿ, ಬೆರಳಿನಿಂದ ಮೆತ್ತಿದ್ದರು. ಅದು ಒಣಗುವ ಜಾತಿಯದಲ್ಲ. ಬಿಸಿನೀರು ಬಿಟ್ಟ ಕೂಡಲೇ ಬಿಳಿ ಟೈಲ್ಸಿನ ಮೇಲೆ ಇಳಿಯತೊಡಗಿತು. ಮನೆಯವರು ಮೈ ಒರೆಸುವ ಬೈರಾಸುಗಳಿಗೆಲ್ಲ ಕಪ್ಪು.

"ಮಳೆಗಾಲ ಇಡೀ ಮರದಲ್ಲಿ ನಿಲ್ತದೆ. ಬಾತ್‌ರೂಮಿನಲ್ಲಿ ನಿಲ್ಲುದಿಲ್ವಾ?" ಎಂದರು ಭಾವ.

"ಮರ ಬಿಸಿನೀರಲ್ಲಿ ಮೀಯುದಿಲ್ಲ ಭಾವ" ಎಂದೆ.

ಅಕ್ಕ ಮೆಷಿನಿನಿಂದ ತಲೆ ಎತ್ತಲಿಲ್ಲ. "ಅದಕ್ಕೊಂದು ಚಿಪ್ಪು ಕೂಡ ಕಟ್ಟಿ ಮಾರಾಯ್ರೆ. ಬೆಳಿಗ್ಗೆ ಹಾಲು ಸಿಕ್ಕೀತು."

ಭಾವ ನಗಲಿಲ್ಲ. ತಮ್ಮ ಕೆಲಸದ ಬಗ್ಗೆ ಗಂಡಸರು ನಗುವುದು ನಾನು ಆ ಕಡೆ ನೋಡಿದ್ದು ಕಡಿಮೆ.

ಹಾಗೆ ನಾನು ಅಂಗಡಿಗೆ ಹೋದೆ, ಮೇಲೆ ಹೇಳಿದ ಆ ಮೂರೂರಿನ ಅಂಗಡಿಗೆ. ಸಂದಿಗೆ ತುಂಬುವ ಅಂಟು, ಸಿಲಿಕಾನ್ ಕೇಳಿದೆ.

"ಬಿಳಿಯಾ, ಕ್ಲಿಯರಾ?" ಎಂದ ಅಂಗಡಿಯವನು.

"ನ್ಯೂಟ್ರಲ್ ಉಂಟಾ?"

"ಎಲ್ಲ ಒಂದೇ. ಬಣ್ಣ ಹೇಳಿ."

ಒಂದೇ ಅಲ್ಲ. ಒಂದು ಜಾತಿ ಹಾಕುವಾಗ ವಿನೆಗರ್ ನಾರುತ್ತದೆ. ಗಾಜಿಗೆ ಅದು ಚೆನ್ನ. ಹಿತ್ತಾಳೆ, ಸಿಮೆಂಟುಗಳಿಗೆ ಅದರ ಹುಳಿ ಆಗಿಬರುವುದಿಲ್ಲ. ನಲ್ಲಿಯ ಬುಡಕ್ಕೆ ಬೇಕಾದ್ದು ಹುಳಿ ಇಲ್ಲದ ಈ ನ್ಯೂಟ್ರಲ್, ಬೂಸ್ಟು ಹಿಡಿಯದ ಮದ್ದು ಸೇರಿದ್ದು. ಇಷ್ಟನ್ನು ಅವನಿಗೆ ಹೇಳಿದೆ. ಕೇಳಿದ ಕೂಡಲೇ ನನ್ನ ಮೇಲೆ ಅವನಿಗಿದ್ದ ಅಲ್ಪ ಗೌರವವೂ ಹೋಯಿತು.

"ಮೊಬೈಲಲ್ಲಿ ನೋಡಿದ್ದಾ?"

"ಹೌದು."

"ಹಾಗಾದ್ರೆ ಸಿಲಿಕಾನೂ ಅದರಿಂದಲೇ ಇಳಿಸಿಕೊಳ್ಳಿ."

ಪಕ್ಕದಲ್ಲಿ ಮೊಳೆ ಆರಿಸುತ್ತಿದ್ದ ಹಿರಿಯರೊಬ್ಬರು ಬಿಳಿ ಸಿಮೆಂಟು ಸಾಕು ಎಂದರು. ಅವರ ಮನೆಯಲ್ಲಿ ಅದೇ ಅಂತೆ. ಸೋರುವುದಿಲ್ಲವೇ ಎಂದರೆ, "ಸೋರುದು ಸೋರ್ತದೆ, ಆದ್ರೆ ಸ್ವಲ್ಪ." ನಮ್ಮಲ್ಲಿ ನೀರಿಗೆ ಬರ ಬಂದೀತು, ಸಲಹೆಗೆ ಬಾರದು. ಕೊನೆಗೆ ಧೂಳು ಕೂತ ಕಪಾಟಿನ ಮೂಲೆಯಿಂದ ನನಗೆ ಬೇಕಾದ ಟ್ಯೂಬು ನಾನೇ ಹುಡುಕಿ ತೆಗೆದೆ. ಅವಧಿ ಮುಗಿದಿರಲಿಲ್ಲ ಎಂದು ನೆನಪು. ನೋಡಿದ್ದೇನೆಯೇ? ನೋಡುವವನ ಹಾಗೆ ಟ್ಯೂಬು ತಿರುಗಿಸಿದ್ದು ಮಾತ್ರ ಸ್ಪಷ್ಟವಾಗಿದೆ.

ಗಮ್ಮನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪಿನಲ್ಲಿ ತೊಳೆದು, ಅಕ್ಕನ ಹೇರ್ ಡ್ರೈಯರಿನಲ್ಲಿ ಒಣಗಿಸಿ, ಬಿಲ್ಲೆಯ ಸುತ್ತ ಸಿಲಿಕಾನ್ ಎಳೆದೆ. ಚೆನ್ನಾಗಿಯೇ ಬಂತು. "ನಾಳೆಯವರೆಗೆ ನೀರು ತಾಗಬಾರದು" ಎಂದು ಮನೆಯವರಿಗೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಸಂಜೆ ಭಾವ ತೋಟದಿಂದ ಬಂದು, ಬೈರಾಸು ಹೆಗಲಿಗೆ ಹಾಕಿ, ನೇರ ಒಳಗೆ ಹೋಗಿ ಶವರ್ ಬಿಟ್ಟರು.

"ಭಾವಾ, ನೀರು ತಾಗಬಾರದು ಹೇಳಿದ್ನಲ್ಲ!"

"ಮೀಯದೆ ದೀಪ ಹಚ್ಚುದು ಹೇಗೆ ಮಾರಾಯ? ನಾನು ಗೋಡೆಗೆ ತಾಗದ ಹಾಗೆ ಮೀಯುದು."

ಗೋಡೆಗೆ ತಾಗದ ಹಾಗೆ ಶವರಿನಲ್ಲಿ ಮೀಯುವುದನ್ನು ಸಾಧಿಸಿದವರು ಭೂಮಿಯ ಮೇಲೆ ಅವರೊಬ್ಬರೇ. ತೋಟದಿಂದ ಬಂದವರು ಮಿಂದೇ ದೇವರಿಗೆ ದೀಪ ಇಡಬೇಕು, ಸರಿ. ಆದರೆ ಯಾವ ಸಿಲಿಕಾನಿನ ಟ್ಯೂಬಿನ ಮೇಲೂ ನಮ್ಮ ಕಡೆಯ ಸಂಧ್ಯಾದೀಪಕ್ಕೆ ವಿನಾಯಿತಿ ಬರೆದಿರುವುದಿಲ್ಲ. ಒಂದು ಬದಿ ಎದ್ದು ಬಂತು. ಮರುದಿನ ಕೆರೆದು ಮತ್ತೆ ಹಾಕಿ, ಭಾವನ ಕಡೆ ನೋಡದೆ ಪುತ್ತೂರಿಗೆ ಹಿಂದಿರುಗಿದೆ.

ದೀಪಾವಳಿ ಕಳೆದ ಮೇಲೆ ಹೋದಾಗ ಗೋಡೆ ಒಣಗಿತ್ತು. ಅಂಗೈ ಇಟ್ಟು ನೋಡಿದೆ, ಪೂರಾ ಒಣಗಿತ್ತು. ಹೊಸ ಪೈಂಟು. ಮೆಷಿನು ಅಲ್ಲೇ, ಸೀರೆಗಳು ಅಲ್ಲೇ.

"ನನ್ನ ಗಮ್ಮು ಅಡಿಯಲ್ಲಿ ಸ್ವಲ್ಪ ಉಳಿದಿತ್ತಲ್ಲ, ಅದು ಹಿಡಿದದ್ದು" ಎಂದರು ಭಾವ.

ವಾದ ಮಾಡಲು ನಾನು ಬಾತ್‌ರೂಮಿಗೆ ಹೋಗಿ ಶವರ್ ತಿರುಗಿಸಿದೆ. ನೀರು ಬರಲಿಲ್ಲ. ಅದಕ್ಕೆ ಬರುವ ಪೈಪಿನ ವಾಲ್ವ್ ಮುಚ್ಚಿತ್ತು.

"ಈಗ ಎಲ್ಲರೂ ಹಿತ್ತಲಿನ ಬಚ್ಚಲಲ್ಲೇ ಮೀಯುದು" ಎಂದಳು ಅಕ್ಕ. ಹಳೆಯ ಬಚ್ಚಲಿನಲ್ಲಿ ಭಾವ ಪೇರಿಸಿಟ್ಟಿದ್ದ, ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಆಸಿಡ್ಡಿನ ಕ್ಯಾನುಗಳನ್ನು ಹೊರಗೆ ಹಾಕಿಸಿ, ಹಂಡೆ ತೊಳೆಸಿದ್ದಳಂತೆ. "ಹಂಡೆಯ ನೀರಿನ ಸುಖ ಶವರಿಗಿಲ್ಲ ಹೇಳಿದೆ. ಇವರಿಗೆ ಬೇಗ ಒಪ್ಪಿಗೆಯಾಯ್ತು."

"ಎಂದಿನಿಂದ?"

"ಮಳೆ ಜೋರಾದ ಮೇಲೆ."

"ನಾನು ಹಾಕಿ ಹೋದ ಕೂಡಲೇಯಾ, ಅಥವಾ ಮತ್ತೆ ಸೋರಿದ ಮೇಲಾ?"

"ಕೋಣೆ ನನಗೆ ಉಳಿದುಂಟಲ್ಲ" ಎಂದಳು. ಆಗ ಅವಳ ಕೈಯಲ್ಲಿ ಕತ್ತರಿ ಇತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಇತ್ತೋ ಇಲ್ಲವೋ. "ನಿನಗೆ ಅಷ್ಟು ಬೇಕಾದ್ರೆ ವಾಲ್ವ್ ತೆಗೆದು ನೋಡು. ಈ ವಾರ ನಾಲ್ಕು ಮದುವೆಯ ಸೀರೆ ಉಂಟು ಇಲ್ಲಿ."

ನಾನು ತೆಗೆಯಲಿಲ್ಲ. ಆ ಸಿಲಿಕಾನ್ ಸರಿಯಾದದ್ದೇ ಆಗಿತ್ತೇ, ನನ್ನ ಎರಡನೆಯ ಸಲದ ಕೆಲಸ ನೀರು ತಡೆಯಿತೇ, ನನಗೆ ಈಗಲೂ ಗೊತ್ತಿಲ್ಲ.