ಅವ್ವನ ಮೂಗು, ಕರೆಂಟಿನ ಟವರು

ಹಲಗೂರಿನ ಸಿದ್ದರಾಮು ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಿಂದ ನಿವೃತ್ತನಾಗಿ ಬರುವಾಗ ಹಳೆಯ ಫಿಲಂ ಕ್ಯಾಮೆರಾ ಒಂದನ್ನೂ ಅಲ್ಲಿನ ಶಿಸ್ತನ್ನೂ ಹೊತ್ತು ತಂದ. ಕ್ಯಾಮೆರಾ ವರ್ಗವಾಗಿ ಹೋದ ಇಂಜಿನಿಯರೊಬ್ಬರು ಕೊಟ್ಟದ್ದು. ಶಿಸ್ತನ್ನು ಯಾರೂ ಕೇಳಿರಲಿಲ್ಲ. ಕರೆಂಟು ತೆಗೆದಿದೆ, ಕೈಹಾಕಬಹುದು ಎಂಬ ಲೈನ್ ಕ್ಲಿಯರ್ ಸಿಗುವವರೆಗೆ ತಂತಿ ಮುಟ್ಟಬಾರದು ಅನ್ನುವುದು ಅಲ್ಲಿ ಪ್ರಾಣ ಉಳಿಸುವ ನಿಯಮ. ಅದನ್ನೇ ಮನೆಯ ಮಿಕ್ಸಿಗೂ ಬಚ್ಚಲಿನ ಬಲ್ಬಿಗೂ ಹಚ್ಚಿ ಹೆಂಡತಿ ವನಜಾಳ ಪ್ರಾಣ ತಿಂದ.

ಅವನ ತಾಯಿ ಪಟ್ಟಲಮ್ಮನಿಗೆ ಇದ್ದದ್ದು ಒಂದೇ ಆಸೆ. ಸತ್ತ ಮೇಲೆ ಗೋಡೆಗೆ ಹಾಕಲು ಲಕ್ಷಣವಾದ ಪಟ ಬೇಕು. ಆಧಾರ್ ಕಾರ್ಡಿನ ಪಟ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

"ಕೋಳಿ ಕದ್ದು ಸಿಕ್ಕಾಕ್ಕೊಂಡೋಳಂಗೆ ಅವ್ನಿ ಕಣ್ಲಾ ಅದ್ರಲ್ಲಿ. ಅದ್ನ ಮಾತ್ರ ಆಕ್ಬ್ಯಾಡ. ನೀನೇ ಒಂದು ತೆಗಿ."

"ತೆಗೀತೀನಿ ಕಣವ್ವ. ಮೊದ್ಲು ಇದನ್ನ ಸರಿಮಾಡ್ತೀನಿ."

ಸರಿಮಾಡಬೇಕಾದದ್ದು ಇಷ್ಟೆ. ಆ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನದು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ದೂರದ ಅಳತೆ ಸರಿ, ಪಟ ಸ್ಪಷ್ಟ. ಇವನದರಲ್ಲಿ ಆ ಅಳತೆ ಕೂದಲೆಳೆಯಷ್ಟು ತಪ್ಪಿತ್ತು. ಒಳಗಿರುವ ಸಣ್ಣ ಸ್ಕ್ರೂ ತಿರುಗಿಸಿ ಹದಕ್ಕೆ ತರಬೇಕು.

ಭಾನುವಾರ ಬಂತೆಂದರೆ ಅವ್ವ ಒಳ್ಳೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂರುವಳು. ಮಗ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊದಲು ಕಬ್ಬಿನ ಗದ್ದೆಯಾಚೆಯ ಕರೆಂಟಿನ ಟವರನ್ನು ನೋಡಿ ಸ್ಕ್ರೂ ತಿರುಗಿಸುವನು. ಟವರು ಒಂದಾಗುವುದು. ಇತ್ತ ತಿರುಗಿ ಲೆನ್ಸನ್ನು ಜಗಲಿಯ ದೂರಕ್ಕಿಟ್ಟರೆ ಅವ್ವನಿಗೆ ಮೂಗು ಎರಡು. ಅವ್ವನ ಮೂಗು ಒಂದಾದರೆ ಟವರು ಎರಡು. ಹದಕ್ಕೆ ಬಂತೆನಿಸಿದರೆ ಸ್ಕ್ರೂ ಅಲುಗದಂತೆ ವನಜಾಳ ಕೆಂಪು ನೈಲ್ ಪಾಲಿಶ್ ಬಳಿದು, ಅದು ಒಣಗಲೆಂದು ಪಟವನ್ನು ಮುಂದಿನ ವಾರಕ್ಕೆ ಬಿಡುವನು. ಆ ವಾರ ಅನುಮಾನ ಬಂದು ಅದನ್ನು ಕೆರೆಯುವನು. ಹೀಗೇ ವರ್ಷಗಳು ಹೋದವು. ವನಜಾಳ ಉಗುರು ಮಾತ್ರ ಆ ಬಣ್ಣ ಕಾಣಲಿಲ್ಲ. ಫಿಲಂ ರೋಲು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ತಣ್ಣಗಿತ್ತು.

"ಅತ್ತೆ ಮೂಗು ಸರಿಯಾದ್ರೆ ಸಾಕಲ್ವ? ಆ ಟವರ್ಗೂ ಊವಿನ ಆರ ಆಕ್ತೀರಾ?" ಅಂದಳು ವನಜಾ.

"ಲೈನ್ ಕ್ಲಿಯರ್ ಇಲ್ದೆ ಬಟನ್ ಒತ್ತಂಗಿಲ್ಲ ಕಣೆ."

ವನಜಾ ತಾನೇ ಪಟ ತೆಗೆಯಲು ಫೋನು ಹಿಡಿದು ಹೋದರೆ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. "ನನ್ ಮಗ ತೆಗೀತಾನೆ ಬುಡವ್ವ." ಹೆತ್ತವರಿಗೆ ಹೆಗ್ಗಣ ಮುದ್ದು. ಈ ಹೆಗ್ಗಣದ ಕೈಯಲ್ಲಿ ಕ್ಯಾಮೆರಾ ಬೇರೆ ಇತ್ತು.

ಒಂದು ಚಳಿಗಾಲ ಪಟ್ಟಲಮ್ಮ ಯಾರ ಲೈನ್ ಕ್ಲಿಯರಿಗೂ ಕಾಯದೆ ಹೊರಟುಹೋದಳು. ತಿಥಿಗೆ ಪಟ ಬೇಕಲ್ಲ. ಯಾರದೋ ಮದುವೆಯಲ್ಲಿ ಬಾಯ್ತುಂಬ ಅನ್ನ ತುಂಬಿಕೊಂಡ ಒಂದು ಬಿಟ್ಟರೆ ವನಜಾಳ ಫೋನಿನಲ್ಲೂ ಏನೂ ಇರಲಿಲ್ಲ. ಕೊನೆಗೆ ಮಳವಳ್ಳಿಯ ಸ್ಟುಡಿಯೋದಲ್ಲಿ ಆಧಾರ್ ಪಟವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಕೋಳಿ ಕದ್ದವಳ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಸಿದ್ದರಾಮು ಗೋಳೋ ಎಂದು ಅತ್ತ. ವನಜಾಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ತಿಥಿ ಕಳೆದ ಭಾನುವಾರ ಅವನು ಕ್ಯಾಮೆರಾ ಹಿಡಿದು ಆ ಪಟದ ಎದುರೇ ಕೂತ. ಬಹಳ ಹೊತ್ತು ಸ್ಕ್ರೂ ತಿರುಗಿಸಿದ.

"ಬಾ ಇಲ್ಲಿ, ಅವ್ವ ಈಗ ಒಬ್ಳೇ ಕಾಣ್ತಾವ್ಳೆ. ಆವಾಗ ಸುಮ್ನೆ ಕೂರ್ತಿರ್ಲಿಲ್ಲ, ಅದ್ಕೇ ಎಲ್ಡೂ ಕೂಡ್ತಿರ್ಲಿಲ್ಲ."

ವನಜಾ ಕುರ್ಚಿ ಎಳೆದು ಪಟದ ಕೆಳಗೆ ಕೂತಳು. "ಅಂಗಾದ್ರೆ ನಂದೊಂದು ತೆಗೀರಿ."

ಅವನು ಅವಳನ್ನು ನೋಡಿದ. ಆಮೇಲೆ ಬಾಗಿಲ ಕಡೆ ಹೊರಳಿದ. "ತಾಳು, ಟವರ್ನ ಒಂದ್ಸಲ ನೋಡ್ಬುಡ್ತೀನಿ."

ಮಾರನೆಯ ಬೆಳಗ್ಗೆ ವನಜಾ ರೇಷ್ಮೆ ಸೀರೆ ಉಟ್ಟು, ಸೀಸೆಯಲ್ಲಿ ಮಿಕ್ಕಿದ್ದ ಬಣ್ಣವನ್ನೆಲ್ಲ ಹತ್ತೂ ಉಗುರಿಗೆ ಬಳಿದುಕೊಂಡು ಮಳವಳ್ಳಿ ಬಸ್ಸು ಹತ್ತಿದಳು. ಸ್ಟುಡಿಯೋದವನು ಪಾಸ್‌ಪೋರ್ಟ್ ಸೈಜಾ ಎಂದು ಕೇಳಿದ.

"ಇಲ್ಲ ಕಣಪ್ಪ, ಗೋಡೆಗೆ ಆಕೋ ಸೈಜು," ಅಂದಳು. "ಕೈನೂ ಕಾಣಂಗೆ ತೆಗಿ."