ಅಡಿ ಮುಚ್ಚದ ಮೇಸ್ತ್ರಿ

"ಬಟ್ಟಲಿನ ಅಡಿಗೆ ಹಲಗೆ ಹಾಕುದಿಲ್ಲ. ಬೇಕಾದ್ರೆ ನನ್ನನ್ನು ಊರಿಗೆ ಕಳ್ಸಿ," ಅಂತ ನಮ್ಮ ಬಡಗಿ ಮೇಸ್ತ್ರಿ ಉಳಿ ಕೆಳಗಿಟ್ರು.

ದೋಹಾದಲ್ಲಿ ಮ್ಯೂಸಿಯಂ ಕೆಲಸ. ರೋಮಿನವರ ಎರಡು ಸಾವಿರ ವರ್ಷ ಹಳೇ ಗಾಜಿನ ಬಟ್ಟಲಿಗೆ ಮರದ ಸ್ಟ್ಯಾಂಡ್ ಮಾಡ್ಬೇಕಿತ್ತು.

"ಒಳಗೆ ಪೇಂಟ್ ಮಾಡಿದ ಹೂವು ಕಂಡ್ರೆ ಸಾಕು. ಅಡಿ ಯಾರು ನೋಡ್ತಾರೆ? ಯಲ್ಲಾ, ಬೇಗ ಹಲಗೆ ಹೊಡೀರಿ!" ಅಂದ ಸೂಪರ್‌ವೈಸರ್. ಅವನೂ ಉಡುಪಿಯವನೇ.

"ಪೇಂಟ್ ಅಲ್ಲ, ಸರಿ ನೋಡಿ. ಇದು ಪತ್ರೊಡೆ." ಈ "ಸರಿ ನೋಡಿ" ಮೇಸ್ತ್ರಿ ಬಾಯಲ್ಲಿ ಯಾವಾಗ್ಲೂ ಇತ್ತು, ಒಂದು ಮೊಳೆ ಹೊಡೀಲಿಕ್ಕೂ ಅದೇ.

"ಮೇಸ್ತ್ರಿಗೆ ಹಸಿವಾಯ್ತು ಕಾಣ್ತದೆ," ಅಂತ ಅವ ನಗಾಡಿದ. ನಾನೂ ನಗಾಡಿದೆ.

ಮೇಸ್ತ್ರಿ ನಗ್ಲಿಲ್ಲ. "ಪತ್ರೊಡೆಗೆ ಹಿಟ್ಟು ಹಚ್ಚಿದ ಕೆಸುವಿನ ಎಲೆ ಸುತ್ತಿ ಕೊಯ್ದ್ರೆ ಸುರುಳಿ ಎರಡೂ ಕಡೆ ಕಾಣುದಿಲ್ವಾ? ಹಾಗೇ ಉದ್ದಕ್ಕೂ ಹೂವಿರುವ ಬಣ್ಣದ ಗಾಜಿನ ಕೋಲನ್ನು ಬಿಲ್ಲೆ ಬಿಲ್ಲೆ ಕೊಯ್ದು ಜೋಡಿಸಿದ್ದಾರೆ. ಹೂವು ಅಡಿಯಲ್ಲೂ ಉಂಟು."

ಅಷ್ಟರಲ್ಲಿ ಮ್ಯೂಸಿಯಂ ಮೇಡಂ ಬಂದ್ರು. ಮೇಸ್ತ್ರಿ ಹೇಳಿದ್ದನ್ನು ನಾನು ಹಿಂದಿಯಲ್ಲಿ ಹೇಳಿದೆ. ಅವರು ಬಟ್ಟಲು ಎತ್ತಿ ಅಡಿ ತೋರಿಸಿದ್ರು. ಅದೇ ಹೂವು! "ಇವರು ಹೇಳಿದ್ದು ಸರಿ. ಆ ಬಿಲ್ಲೆಗಳನ್ನು ಬೆಂಕಿಯಲ್ಲಿ ಅಂಟಿಸಿ, ಅಚ್ಚಿನ ಮೇಲೆ ಬಗ್ಗಿಸಿದ್ದು. ಹಲಗೆ ಬೇಡ," ಅಂದ್ರು.

ಸೂಪರ್‌ವೈಸರ್ ಹಲಗೆ ಬದಿಗಿಟ್ಟ. ಮೇಸ್ತ್ರಿ ಉಳಿ ಎತ್ತಿದ್ರು. ಆ ಮ್ಯೂಸಿಯಂನಲ್ಲಿ ಅಡಿ ತೆರೆದ ಸ್ಟ್ಯಾಂಡ್ ಕಂಡ್ರೆ, ಅದು ನಮ್ಮ ಮೇಸ್ತ್ರಿ ಮಾಡಿದ್ದು. ಇನ್ನು ಹೇಳ್ಲಿಕ್ಕೆ ಎಂತದೂ ಇಲ್ಲ.