ಮಾಸ್ತರರು ಬತ್ತಿಸಿದ ಸಮುದ್ರ

ಅರವತ್ತರ ದಶಕದ ವೈಜ್ಞಾನಿಕ ಕಥೆಗಳನ್ನು ಓದಿ ಯಾರಾದರೂ ವಿಜ್ಞಾನ ಕಲಿತಿದ್ದರೆ, ಅಂಥವರಿಗೆ ನಾನು ನಮ್ಮ ಮನೆಯ ಫ್ಯೂಸ್ ಮುಟ್ಟಲೂ ಬಿಡುವುದಿಲ್ಲ. ಸುಮ್ಮನೆ ಹೇಳುತ್ತಿಲ್ಲ. ಒಂದು ಮಳೆಗಾಲ ಪೂರ್ತಿ ಆ ಕಾಲದ ಮಾಸಿಕ, ವಿಶೇಷಾಂಕ, ಅಗ್ಗದ ಕಾದಂಬರಿಗಳನ್ನು ಓದಿ ತಲೆ ಕೆಡಿಸಿಕೊಂಡವಳು ನಾನು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅಂಕೋಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಲ್ಲೇ ಒಂದು ವಾರಪತ್ರಿಕೆ ನಡೆಸುತ್ತಿದ್ದ ಸಂಪಾದಕರು ಕಾರವಾರದ ರದ್ದಿ ಅಂಗಡಿಯಿಂದ ಎರಡು ಗೋಣಿಚೀಲ ತಂದು ನನ್ನ ಜಗಲಿಯ ಮೇಲೆ ಸುರಿದರು.

"ಅಕ್ಕೋರೇ, ಇವೆಲ್ಲ ನಮ್ಮ ಬಾಲ್ಯದ ಬಂಗಾರ. ವಾರಕ್ಕೊಂದರ ಬಗ್ಗೆ ಬರೀರಿ."

ಬಂಗಾರವಂತೆ! ಪ್ರತಿ ಕಥೆಯಲ್ಲೂ ಒಬ್ಬ ಪ್ರೊಫೆಸರು, ಪ್ರೊಫೆಸರಿಗೆ ಗಡ್ಡ, ಗಡ್ಡದ ಹಿಂದೆಯೇ ಒಬ್ಬಳು ಚೆಲುವೆ ಮಗಳು. ರಾಕೆಟ್ಟು ಹಾರುವ ತನಕ ಆಕೆ ಬಿ.ಎಸ್ಸಿ. ಪದವೀಧರೆ, ಹಾರಿದ ಮೇಲೆ ಕಾಫಿ ಮಾಡುವವಳು. ತೂಕವೇ ಇಲ್ಲದ ಕಡೆ ಕಾಫಿ ಲೋಟದೊಳಗೆ ಹೇಗೆ ಬಿತ್ತು ಎಂದು ಕೇಳಬಾರದು. ಮಂಗಳ ಗ್ರಹದ ರಾಜನೋ, ನಮ್ಮ ಕನ್ನಡ ಪಂಡಿತರೂ ಬೆಚ್ಚುವಂಥ ಗ್ರಾಂಥಿಕ ಕನ್ನಡ ಮಾತಾಡುತ್ತಾನೆ. ಇಂಗ್ಲಿಷಿನವೇನೂ ಕಡಿಮೆಯಿಲ್ಲ. ಬಂದರಿಗೆ ಬಂದ ಹಡಗಿನವರು ಓದಿ ಎಸೆದ ಮ್ಯಾಗಜಿನ್ನುಗಳು ಅವು. ಮುಖಪುಟದಲ್ಲಿ ಚಂದ್ರನ ಮೇಲೆ ಗಂಡಸರೆಲ್ಲ ಅಡಿಯಿಂದ ಮುಡಿಯ ತನಕ ಉಡುಪು ಬಿಗಿದುಕೊಂಡು ನಿಂತಿದ್ದರೆ, ಹೆಂಗಸು ಮಾತ್ರ ಈಜುಡುಗೆಯಲ್ಲಿ ನಗುತ್ತಿರುತ್ತಾಳೆ. ಅವಳಿಗೆ ಉಸಿರಾಟದ ಚಿಂತೆಯೂ ಇಲ್ಲ, ಚಳಿಯೂ ಇಲ್ಲ.

ಎರಡು ಸಾವಿರದ ಇಸವಿಗೆ ಮನುಷ್ಯ ಅನ್ನ ಬಿಟ್ಟು ಗುಳಿಗೆ ನುಂಗುತ್ತಾನೆಂದು ಒಬ್ಬರ ನೋಡಿ ಒಬ್ಬರು ಬರೆದಿದ್ದರು. ನಾನು ಅದನ್ನು ಓದಿದ್ದು ಹುರಿದ ನೊಗಲಿ ಮೀನಿನ ಮುಳ್ಳು ಬಿಡಿಸುತ್ತ. ಇದನ್ನೆಲ್ಲ ಇದ್ದ ಹಾಗೇ ಬರೆದೆ. ಓದುಗರಿಗೆ ನನ್ನ ಬೈಗುಳ ಹಿಡಿಸಿತು. ಸಂಪಾದಕರು ಒಳಗೊಳಗೇ ನೊಂದುಕೊಂಡರೂ ಪತ್ರಿಕೆ ಖರ್ಚಾಗುತ್ತಿದ್ದರಿಂದ ಸುಮ್ಮನಿದ್ದರು.

ಎರಡನೆಯ ಚೀಲದ ತಳದಲ್ಲಿ ಒಂದು ದೀಪಾವಳಿ ವಿಶೇಷಾಂಕ ಸಿಕ್ಕಿತು. ಅದರಲ್ಲೊಂದು ಕಥೆ. ಪರಗ್ರಹದವರು ಬಂದು ಚಂದ್ರನನ್ನು ಎಳೆದುಕೊಂಡು ಹೋಗುತ್ತಾರೆ, ಸಮುದ್ರ ಬತ್ತುತ್ತದೆ, ಕಾರವಾರದ ಜನ ದೋಣಿಯಲ್ಲಿ ದಾಟಬೇಕಿದ್ದ ದೇವಬಾಗಕ್ಕೆ ಕೆಸರಿನಲ್ಲಿ ನಡೆದುಕೊಂಡೇ ಹೋಗುತ್ತಾರೆ, ಕಾಲಡಿಯಲ್ಲಿ ಬಂಗಡೆ ಮೀನು ರಾಶಿ ರಾಶಿ ಸತ್ತು ಬಿದ್ದಿರುತ್ತದೆ. ಬರೆದವರ ಹೆಸರು ನೋಡಿ ನೆಟ್ಟಗೆ ಕುಳಿತೆ. ಸದಾಶಿವಗಡದ ಮಾಸ್ತರರು! ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ನಾನು ಹುಟ್ಟಿದ್ದು ಮೀನುಗಾರರ ಕೇರಿಯಲ್ಲಿ, ಅವರೂ ನಮ್ಮವರೇ. ಅವರ ಕಥೆಯ ಕಥೆ ನಮ್ಮಲ್ಲಿ ಗೊತ್ತಿಲ್ಲದವರಿಲ್ಲ.

ಅದು ಅಚ್ಚಾದ ವರ್ಷ ಬಂಗಡೆ ದಡಕ್ಕೆ ಬರಲಿಲ್ಲ. ಕೇರಿಗೆ ಕೇರಿಯೇ ನಿಂತು ಎಳೆಯುವ ರಂಪಣಿ ಬಲೆ ಬರಿದಾಗಿ ಮೇಲೆ ಬಂತು. ಕಥೆಯನ್ನು ಒಬ್ಬರೂ ಓದಿರಲಿಲ್ಲ. ಮಾಸ್ತರ ಪುಸ್ತಕದಲ್ಲಿ ಸಮುದ್ರ ಒಣಗಿಸಿದನಂತೆ, ಮೀನೆಲ್ಲ ಕೊಂದನಂತೆ ಎಂಬ ಸುದ್ದಿಯೇ ಸಾಕಾಯಿತು. ಹಿರಿಯರು ಅವರನ್ನು ದೇವರ ಮುಂದೆ ನಿಲ್ಲಿಸಿ, ಕಾಯಿ ಒಡೆಸಿ, ತಪ್ಪುಕಾಣಿಕೆ ಹಾಕಿಸಿ, ಇನ್ನು ಬರೆಯುವುದಿಲ್ಲವೆಂದು ಬಾಯಿಬಿಟ್ಟು ಹೇಳಿಸಿದರು. ಮುಂದಿನ ವರ್ಷ ಬಂಗಡೆ ಬಂದಾಗ ಅದೂ ತಮ್ಮಿಂದಲೇ ಎಂದು ಮೀಸೆ ತಿರುವಿದರು. ಅಲ್ಲಿಂದ ಮುಂದೆ ಮೀನು ಕಮ್ಮಿಯಾದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು: "ಮಾಸ್ತರ ಮತ್ತೆಂತದೋ ಬರ್ದ ಕಾಣ್ತದೆ." ಹೇಳಿ ನಗುವುದು. ನಗುವಿನಲ್ಲಿ ಅರ್ಧ ನಂಬಿಕೆಯೂ ಇರುತ್ತಿತ್ತು. ಬುದ್ಧಿಯಿಲ್ಲದ ಜೀವಿಗಳನ್ನು ಹುಡುಕಿಕೊಂಡು ಮಂಗಳ ಗ್ರಹಕ್ಕೆ ಹೋದ ಲೇಖಕರು ಮೊದಲು ನಮ್ಮ ಕೇರಿಗೆ ಬಂದಿದ್ದರೆ ರಾಕೆಟ್ಟಿನ ಖರ್ಚು ಉಳಿಯುತ್ತಿತ್ತು.

ಸಂಪಾದಕರಿಗೆ ಹೇಳಿದ್ದೇ ತಡ, ಅವರ ಕಣ್ಣು ಅರಳಿತು. "ಆ ಬಂಗಡೆ ಸುದ್ದಿನೇ ಹಾಕ್ರಿ ಅಕ್ಕೋರೇ! ಈ ವರ್ಷನೂ ಮೀನಿಲ್ಲ. ಪೇಪರ್ ಒಂದೂ ಉಳಿಯೂದಿಲ್ಲ."

"ನಾನು ಬರಿಯೂದು ಕಥೆಯ ವಿಮರ್ಶೆ. ಮೀನು ಮಾರ್ಕೆಟ್ಟಿನ ವರದಿ ಬೇಕಾದರೆ ಬೇರೆಯವರನ್ನ ಹುಡುಕಿಕೊಳ್ಳಿ," ಎಂದೆ.

ಸಂಪಾದಕರ ಬಾಯಿಗೆ ಬೀಗವಿಲ್ಲ. ಸುದ್ದಿ ಕಾಳಿ ಹೊಳೆ ದಾಟಿ ಸದಾಶಿವಗಡಕ್ಕೆ ಹೋಯಿತು. ಒಂದು ಶನಿವಾರ ಶಾಲೆ ಬಿಟ್ಟು ಹೊರಗೆ ಬಂದರೆ, ವರಾಂಡದಲ್ಲಿ ಒದ್ದೆ ಕೊಡೆ ಹಿಡಿದುಕೊಂಡು ಮಾಸ್ತರರು ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಎರಡು ಬಸ್ಸು ಬದಲಿಸಿ ಬಂದಿದ್ದರು.

"ಅಕ್ಕೋರೇ, ಅದನ್ನ ಅಲ್ಲೇ ಮುಚ್ಚಿಟ್ಟುಬಿಡ್ರಿ. ನಂದು ಹೆಂಗೋ ಮುಗೀತು. ನಮ್ಮ ಸೊಸೆ ಮಾರ್ಕೆಟ್ಟಲ್ಲಿ ಮೀನು ಮಾರೂಕೆ ಕೂತ್ಕಂತದೆ. ಮೊದ್ಲೇ ಮೀನಿಲ್ಲ. ಮತ್ತೆ ಅದೇ ಮಾತು ಸುರು ಆದ್ರೆ ಅದಕ್ಕೆ ಅಲ್ಲಿ ಕೂರೂಕಾಗೂದಿಲ್ಲ."

ನನಗೆ ಪಾಪವೆನಿಸಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ಓದಿದ ಮನುಷ್ಯನನ್ನು ಹೀಗೆ ಕೈಮುಗಿದು ನಿಲ್ಲುವಂತೆ ಮಾಡಿದ ಜನರ ಮೇಲೆ ಮೈಯೆಲ್ಲ ಉರಿಯಿತು. "ಮಾಸ್ತರ್ರೇ, ನಾನು ನಿಮ್ಮ ಕಥೆ ಬಗ್ಗೆ ಮಾತ್ರ ಬರೀತೇನೆ. ಆ ಸುದ್ದಿ ಒಂದಕ್ಷರವೂ ಇರೂದಿಲ್ಲ," ಎಂದೆ.

"ಕಥೆ ಬಗ್ಗೆ ಬರಿಯೂಕೆ ಎಂತಾ ಅದೆ?" ಎಂದು ಕೇಳಿದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅವರ ಮುಖ ಕಣ್ಣಿಗೆ ಕಟ್ಟಿದ್ದರಿಂದ ಮೆತ್ತಗೆ ಬರೆಯೋಣವೆಂದು ಕುಳಿತೆ. ಒಂದೆರಡು ಸಾಲು ಹೊಗಳಿ ನೋಡಿದೆ. ನನಗೇ ವಾಕರಿಕೆ ಬಂದು ಹರಿದು ಹಾಕಿದೆ. ಕೊನೆಗೆ ಉಳಿದವರಿಗೆ ಬೈದ ಹಾಗೆಯೇ ಬೈದೆ. ಚಂದ್ರ ಹೋದರೆ ಉಬ್ಬರ ಇಳಿತ ಕಡಿಮೆಯಾದೀತು, ನೀರು ಎಲ್ಲಿಗೆ ಹೋಗುತ್ತದೆ ಸ್ವಾಮೀ? ಇಲ್ಲೂ ಗಡ್ಡದ ಪ್ರೊಫೆಸರು, ಇಲ್ಲೂ ಮಗಳು. ಆ ಮಗಳು ಹೆಜ್ಜೆಗೊಮ್ಮೆ ಮೂರ್ಛೆ ಹೋಗುತ್ತಾಳೆ. ಮೀನುಗಾರರು ಪೌರಾಣಿಕ ನಾಟಕದ ಪಾತ್ರಗಳ ಹಾಗೆ ಮಾತಾಡುತ್ತಾರೆ. ಅಷ್ಟು ಮೀನು ಸತ್ತು ಬಿದ್ದರೂ ಕಥೆಯಲ್ಲಿ ಎಲ್ಲೂ ನಾತವಿಲ್ಲ. ನೀರಿಲ್ಲದೆ ಒಂದು ಮಗ್ಗುಲಿಗೆ ವಾಲಿದ ದೋಣಿಯ ವರ್ಣನೆ ಮಾತ್ರ ಸಮುದ್ರ ಕಂಡವನು ಬರೆದದ್ದು, ಉಳಿದದ್ದೆಲ್ಲ ಬೇರೆ ಮಾಸಿಕಗಳನ್ನು ಓದಿ ಬರೆದದ್ದು ಎಂದು ಮುಗಿಸಿದೆ. ಸಂಪಾದಕರು ಕೊನೆ ಗಳಿಗೆಯಲ್ಲಿ ಬಂಗಡೆ ತುರುಕುತ್ತಾರೆಂಬ ಭಯದಿಂದ ಪತ್ರಿಕೆ ಅಚ್ಚಾಗುವ ತನಕ ಪ್ರೆಸ್ಸಿನ ಸ್ಟೂಲಿನ ಮೇಲೆ ಕುಳಿತೆ. ಅವರು ನನ್ನೊಡನೆ ಮಾತು ಬಿಟ್ಟರು.

ಮರುದಿನ ಒಂದು ಪ್ರತಿ ಹಿಡಿದುಕೊಂಡು ನಾನೇ ಬಸ್ಸು ಹತ್ತಿದೆ. ಅಮದಳ್ಳಿ ದಾಟುವಾಗ, ಅಂಚೆಯಲ್ಲಿ ಕಳಿಸಿದ್ದರೆ ಆಗುತ್ತಿತ್ತಲ್ಲ ಎನಿಸಿತು. ಮಾಸ್ತರರು ಜಗಲಿಯಲ್ಲೇ ಕುಳಿತಿದ್ದರು. ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಮೊದಲಿಂದ ಓದಿದರು. ಮುಖ ಕೆಂಪಾಯಿತು.

"ಮೂರ್ಛೆ ಹೋದ್ರೆ ಎಂತಾ ತಪ್ಪು? ಸಮುದ್ರ ಬತ್ತೂದು ಕಂಡ್ರೆ ನೀವೂ ಬೀಳ್ತಿದ್ರಿ!"

"ನಾನು ಬೀಳೂದಿಲ್ಲ. ಬಿದ್ದರೂ ಒಂದೇ ಸಲ."

"ಚಂದ್ರನಿಂದಲೇ ಅಲ್ವಾ ಭರತಿ ಬರೂದು?"

"ಸೂರ್ಯನೂ ಎಳೀತಾನೆ ಮಾಸ್ತರ್ರೇ. ಅದನ್ನ ನೀವೇ ಮಕ್ಕಳಿಗೆ ಕಲಿಸಿರಬೇಕು."

"ನಾತ ಬರ್ದಿದ್ದೆ ನಾನು! ಆ ವಿಶೇಷಾಂಕದವ್ರೇ ತೆಗ್ದು ಹಾಕಿದ್ರು!" ಅವರ ದನಿ ರಸ್ತೆಗೆ ಕೇಳುವಷ್ಟು ಏರಿತ್ತು. ನನ್ನ ದನಿಯೂ ಕಡಿಮೆಯಿರಲಿಲ್ಲ. ಗಲಾಟೆಗೆ ಸೊಸೆ ಒಳಗಿಂದ ಓಡಿ ಬಂದಳು.

"ಎಂತಾ ಆಯ್ತು ಮಾವಾ? ಮತ್ತೆ ಬೈದ್ರಾ?"

"ಹೌದು, ಬೈದ್ರು," ಎಂದರು ಮಾಸ್ತರರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. "ಇಷ್ಟು ವರ್ಷ ಎಲ್ಲಾರೂ ನಾ ಕೆಟ್ಟವ ಅಂದ್ರು. ಕಥೆ ಕೆಟ್ಟದು ಅಂದವ್ರು ಇವ್ರೊಬ್ರೇ. ಓದಿ ಬೈದಾರೆ ಮಗಾ, ಪೂರಾ ಓದಿ ಬೈದಾರೆ."